ಕೈಯ ವಿಳಾಸ

ಭೋಗಿಗೆ ಇನ್ನೂ ಎಂಟು ದಿನ ಇರುವಾಗ, ಗದಗಿನ ಫಕೀರವ್ವನ ಬಲಗೈ ಅವಳದಲ್ಲದ ರೊಟ್ಟಿಯೊಂದನ್ನು ಬಡಿಯಿತು.

ಹೀಗೆಂದರೆ ನಗು ಬರುತ್ತದೆ. ನಗಿರಿ, ಅಡ್ಡಿಯಿಲ್ಲ. ಸೊಸೆ ಜಯಶ್ರೀಯೂ ಮೊದಲು ನಕ್ಕವಳೇ. ಹಂಚಿನ ಮೇಲಿದ್ದ ರೊಟ್ಟಿ ನೋಡಿ, "ಅತ್ತಿ, ಇದೇನ್ರಿ ಇದು! ಪಾಕೀಟಿನಾಗಿಂದ ತಗದಂಗ ಐತಲ್ಲ. ಡಬ್ಬಿ ಮುಚ್ಚಳ ಇಟ್ಟ ಕೊರದೀರೇನು?" ಎಂದಳು.

ಮುಚ್ಚಳ ಎಲ್ಲಿಂದ ಬರಬೇಕು? ಫಕೀರವ್ವ ಹನ್ನೊಂದನೆಯ ವಯಸ್ಸಿನಿಂದ ರೊಟ್ಟಿ ಬಡಿದವಳು, ಈಗ ಐವತ್ತಾರು. ಅವಳ ರೊಟ್ಟಿಯ ಅಂಚು ಅಲ್ಲಲ್ಲಿ ಬಿರಿದಿರಬೇಕು, ಒಂದು ಮಗ್ಗುಲು ಕೂದಲೆಳೆಯಷ್ಟು ದಪ್ಪವಿರಬೇಕು. ಹಾಗಿದ್ದರೇ ಅದು ಫಕೀರವ್ವನ ರೊಟ್ಟಿ. ಹಂಚಿನ ಮೇಲೆ ಕೂತಿದ್ದದ್ದು ಮಾತ್ರ ಹುಣ್ಣಿಮೆ ಚಂದ್ರನ ಅಣ್ಣನಂತಿತ್ತು.

ಅವಳು ಇನ್ನೊಂದು ಉಂಡೆ ತೆಗೆದುಕೊಂಡು ಕೈಯ ಮೇಲೆಯೇ ಕಣ್ಣಿಟ್ಟು ಬಡಿದಳು. ಕೈ ತಟ್ಟಿತು, ತಿರುಗಿಸಿತು, ತಟ್ಟಿತು. ಸಾವಕಾಶ ಮಾಡೋಣ ಎಂದುಕೊಂಡಳು, ಕೈ ಕೇಳಲಿಲ್ಲ. ಅಂಚಿನಲ್ಲಿ ಸ್ವಲ್ಪ ದಪ್ಪ ಬಿಡೋಣ ಎಂದುಕೊಂಡಳು. ಬೆರಳುಗಳು ಓಡಿಹೋಗಿ ಅದನ್ನೂ ಸಾಪು ಮಾಡಿಬಿಟ್ಟವು. ಎರಡನೆಯದೂ ಮೊದಲಿನದರ ಅವಳಿ ಜವಳಿ. ಫಕೀರವ್ವನಿಗೆ ನಗು ಬರಲಿಲ್ಲ. ಮೊಣಕೈ ಒಳಗಿನ ಮಣಿಯನ್ನು ಮುಟ್ಟಿ ನೋಡಿಕೊಂಡಳು.

ಮಣಿಯ ಕಥೆ ಹೇಳಲೇಬೇಕು. ಎರಡು ವರ್ಷದ ಹಿಂದೆ ಹುಬ್ಬಳ್ಳಿಯ 'ಕೈಗುಣ' ಎಂಬ ಕಂಪನಿಯವರು ಒಂದು ಹೊಸ ಉಪಕರಣ ಕಂಡುಹಿಡಿದಿದ್ದರು. ಕಡಲೆಬೇಳೆಯಷ್ಟು ಪುಟ್ಟ ಮಣಿ. ಅದನ್ನು ಮೊಣಕೈಯ ನರದ ಮಗ್ಗುಲಲ್ಲಿ ಕೂಡಿಸಿದರೆ ಆ ಕೈ ವರ್ಷಗಟ್ಟಲೆ ಕಲಿತ ಕಸಬನ್ನೆಲ್ಲ ಓದಿಕೊಳ್ಳುತ್ತದೆ. ಓದಿದ್ದನ್ನು ಉಕ್ಕಿನ ತೋಳಿಗೆ ಕೊಟ್ಟರೆ ಆ ತೋಳು ಅದೇ ಕಸಬು ಮಾಡುತ್ತದೆ. ರೊಟ್ಟಿ ಬಡಿಯುವ ಯಂತ್ರಗಳು ಎಷ್ಟೋ ಬಂದು ಹೋಗಿದ್ದವು, ಒಂದಕ್ಕೂ ಹಿಟ್ಟಿನ ಜಿಗಿ ತಿಳಿಯುತ್ತಿರಲಿಲ್ಲ. ತಿಳಿಯುವ ಕೈ ಬೇಕೆಂದು ಕಂಪನಿಯವರು ಏಳು ಜಿಲ್ಲೆ ಸುತ್ತಿ ಫಕೀರವ್ವನ ಅಡುಗೆಮನೆಗೆ ಬಂದಿದ್ದರು.

"ನಿಮ್ಮ ಕೈ ನಿಮ್ಮ ಹಂತೇಕನ ಇರ್ತೈತ್ರಿ. ನಾವು ಬರೀ ನಕಲು ತಗೊಳ್ಳಾವ್ರು" ಎಂದಿದ್ದಳು ಮಣಿ ಕೂಡಿಸಿದ ಇಂಜಿನಿಯರ್ ಶಾಹೀನ್ ನದಾಫ್. ಫಕೀರವ್ವ ಉಬ್ಬಿಹೋಗಿದ್ದಳು. ಉಬ್ಬದೆ ಏನು ಮಾಡಿಯಾಳು? ಓಣಿಯಲ್ಲಿ ಎಷ್ಟೋ ಹೆಂಗಸರು ರೊಟ್ಟಿ ಬಡಿಬಡಿದು ಸತ್ತುಹೋಗಿದ್ದರು, ಅವರ ಕೈಗುಣ ಅವರ ಜೊತೆಗೇ ಮಣ್ಣಾಗಿತ್ತು. ತನ್ನ ಕೈ ಮಾತ್ರ ತಾನು ಹೋದ ಮೇಲೂ ಊರಿಗೆ ಉಣಿಸುತ್ತದೆ ಎಂದುಕೊಂಡು, ಕನ್ನಡಕ ಏರಿಸಿ, 'ನಕಲು' ಎಂಬ ಶಬ್ದವನ್ನು ಬೆರಳಿಟ್ಟು ಓದಿ, ಸಹಿ ಹಾಕಿದ್ದಳು.

ರೊಟ್ಟಿ ದುಂಡಗಾದ ಮರುದಿನ ಮಧ್ಯಾಹ್ನ ಇನ್ನೊಂದು ಸಂಗತಿ ನಡೆಯಿತು. ಅದಾಗದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮಗ ಶರಣಪ್ಪ ಕಪ್ಪತಗುಡ್ಡದ ಗಾಳಿಯಂತ್ರಗಳ ರಿಪೇರಿಗೆ ಹೋದರೆ ಮನೆಗೆ ಬರುವುದು ವಾರಕ್ಕೊಮ್ಮೆ. ಮನೆಯಲ್ಲಿ ಅತ್ತೆ, ಸೊಸೆ, ಎಂಟು ತಿಂಗಳ ಕೂಸು ಪಾರೂ. ಪಾರೂಗೆ ನಿದ್ದೆ ಬರಬೇಕಾದರೆ ಅಜ್ಜಿಯ ಹೆಗಲೇ ಆಗಬೇಕು, ಅಜ್ಜಿಯ ಅಂಗೈ ಬೆನ್ನು ತಟ್ಟುತ್ತಿರಲೇಬೇಕು. ಅಂದೂ ಫಕೀರವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ತಟ್ಟತೊಡಗಿದಳು. ನಾಲ್ಕು ಸಲ ಮೆಲ್ಲಗೆ ತಟ್ಟಿದ ಕೈ ಐದನೆಯದಕ್ಕೆ ಹುರುಪು ಹಿಡಿಯಿತು. ಪಟ ಪಟ ಪಟ. ರೊಟ್ಟಿಯ ಏಟು. ಕೂಸು ಕಿಟಾರನೆ ಚೀರಿತು. ಫಕೀರವ್ವ ಕೈ ಎಳೆದುಕೊಳ್ಳಲು ನೋಡಿದಳು, ಅದು ಮತ್ತೆ ಮೂರು ಏಟು ಹಾಕಿಯೇ ನಿಂತಿತು.

ಜಯಶ್ರೀ ಓಡಿಬಂದು ಕೂಸನ್ನು ಕಸಿದುಕೊಂಡಳು. ಅಂಗಿ ಎತ್ತಿ ನೋಡಿದರೆ ಎಳೆಯ ಬೆನ್ನಿನ ಮೇಲೆ ಐದೂ ಬೆರಳು ಕೆಂಪಗೆ ಮೂಡಿದ್ದವು.

"ನಾ ಬೇಕಂತ ಮಾಡಿಲ್ಲ ಜಯಾ" ಎಂದಳು ಫಕೀರವ್ವ.

"ಗೊತ್ತೈತ್ರಿ ಅತ್ತಿ" ಎಂದಳು ಸೊಸೆ. ಆದರೆ ಕೂಸನ್ನು ತಿರುಗಿ ಕೊಡಲಿಲ್ಲ. ಆ ದಿನವೂ ಕೊಡಲಿಲ್ಲ, ಮರುದಿನವೂ ಕೊಡಲಿಲ್ಲ. ಅತ್ತೆ ಹತ್ತಿರ ಬಂದರೆ ತನಗೇ ಅರಿವಿಲ್ಲದಂತೆ ಮಗ್ಗುಲು ತಿರುಗಿಸುತ್ತಿದ್ದಳು. ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಅದೇ ಫಕೀರವ್ವನ ಕರುಳು ಹಿಂಡಿತು.

ಮಗ್ಗುಲ ಮನೆಯ ಹೊಳೆವ್ವ ಸುದ್ದಿ ಕೇಳಿ ಬಂದವಳು, ಬಾಯಿ ಸುಮ್ಮನಿರಬೇಕಲ್ಲ, "ಊರಿಗೆ ಉಪಕಾರಿ ಮನಿಗೆ ಮಾರಿ ಅಂತಾರಲ್ಲ, ನಿನ್ನ ಕೈ ಹಂಗಾತು ನೋಡವಾ" ಎಂದುಬಿಟ್ಟಳು. ಫಕೀರವ್ವ ಅತ್ತಳು. ಒಂದು ತಾಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಅವಳಿಗೆ ಸಿಟ್ಟು ಬಂತು. ಬಲಗೈಯನ್ನು ಸೆರಗಿನ ಚುಂಗಿನಿಂದ ಸೊಂಟಕ್ಕೆ ಬಿಗಿದು ಕಟ್ಟಿ, ಹುಬ್ಬಳ್ಳಿಯ ಬಸ್ಸು ಹತ್ತಿದಳು.

ಕಂಪನಿಯ ನಿಯಂತ್ರಣ ಕೊಠಡಿ ಮೂರನೆಯ ಮಹಡಿಯಲ್ಲಿತ್ತು. ಗೋಡೆಯ ತುಂಬ ಒಂದೇ ಪರದೆ, ಪರದೆಯ ತುಂಬ ಪುಟ್ಟ ಪುಟ್ಟ ಚೌಕ, ಒಂದೊಂದು ಚೌಕದಲ್ಲೂ ಒಂದೊಂದು ಊರಿನ ಅಡುಗೆಮನೆ. ಮುನ್ನೂರ ಹನ್ನೆರಡು ಉಕ್ಕಿನ ತೋಳು. ರಬ್ಬರಿನ ಅಂಗೈಗಳು ಒಂದೇ ಗಳಿಗೆಗೆ ಎದ್ದು ಒಂದೇ ಗಳಿಗೆಗೆ ಬೀಳುತ್ತಿದ್ದವು. ರೊಟ್ಟಿಗೆ ನೀರು ಸವರಿದ ಮೇಲೆ ಬೆರಳ ತುದಿಯನ್ನು ಎರಡು ಸಲ ಕೊಡವುವುದು ಫಕೀರವ್ವನ ಚಾಳಿ. ಪರದೆಯ ಮೇಲೆ ಮುನ್ನೂರ ಹನ್ನೆರಡು ಕೈ ಒಟ್ಟಿಗೆ ಎರಡು ಸಲ ಕೊಡವಿದವು. ಅವಳಿಗೆ ಹೆಮ್ಮೆಯೂ ಆಯಿತು, ಭಯವೂ ಆಯಿತು.

ಶಾಹೀನ್ ಎದ್ದು ಬಂದು ಕುರ್ಚಿ ಎಳೆದಳು. ನಲವತ್ತರ ಆಸುಪಾಸಿನ ಹೆಂಗಸು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಸೊಂಟಕ್ಕೆ ಕಟ್ಟಿದ ಕೈ ನೋಡಿದ ಕೂಡಲೇ ಅವಳ ಮುಖ ಸಪ್ಪಗಾಯಿತು.

"ತಂಗೀ, ನಕಲು ಅಂದಿದ್ದಿ" ಎಂದಳು ಫಕೀರವ್ವ. ನಮಸ್ಕಾರವಿಲ್ಲ, ನೀರು ಬೇಕೆಂಬುದಿಲ್ಲ. "ನಕಲು ಅಲ್ಲಿರ್ತೈತಿ, ಅಸಲು ನನ್ನ ಹಂತೇಕ ಇರ್ತೈತಿ ಅಂದಿದ್ದಿ. ನನ್ನ ಅಸಲಿಗೆ ಏನ್ ಮಾಡೀರಿ?"

ಶಾಹೀನ್ ಅವಳ ಎದುರಿಗೆ ಕೂತಳು. ಆಮೇಲೆ, "ಅಕ್ಕಾ, ನೀವು ಯಾರಿಗರ ಬುತ್ತಿ ಕಟ್ಟಿ ಕೊಡೂದು ಬ್ಯಾರೆ, ನಿಮ್ಮ ಅಡಿಗಿಮನಿ ವಿಳಾಸ ಬರದು ಕೊಡೂದು ಬ್ಯಾರೆ, ಹೌದಿಲ್ಲೋ?" ಎಂದಳು.

"ಹೌದು. ಮುಂದ?"

"ಬುತ್ತಿ ಒಯ್ದಾವ ಅದರಾಗ ಹಿಡಿ ಉಪ್ಪು ಸುರಕೊಂಡ್ರ ಅವನ ಬುತ್ತಿ ಅಷ್ಟ ಉಪ್ಪಾಕ್ಕೈತಿ. ನಿಮ್ಮ ಗಡಿಗಿಗೆ ಏನೂ ಆಗಂಗಿಲ್ಲ. ಆದ್ರ ವಿಳಾಸ ಹಿಡಕೊಂಡು ಅಡಿಗಿಮನಿಗೇ ಬಂದಾವ ಗಡಿಗ್ಯಾಗ ಉಪ್ಪು ಹಾಕಿದ್ರ ಮನಿಮಂದಿಗೆಲ್ಲಾ ಉಪ್ಪು. ನಮ್ಮ ಪ್ರೋಗ್ರಾಂನಾಗ ಆ ವಿಳಾಸಕ್ಕ ಪಾಯಿಂಟರ್ ಅಂತೀವಿ. ಮೊದಲ ಆರು ತಿಂಗಳು ತೋಳುಗಳಿಗೆ ಬುತ್ತೀನ ಕೊಟ್ಟಿದ್ವಿ. ಹೊಸಾ ಜ್ವಾಳ ಬಂತು ನೋಡ್ರಿ, ರೊಟ್ಟಿ ಅರ್ಧಕ್ಕರ್ಧ ಹರದು ಹೋದುವು. ಈ ವರ್ಷದ ಹಿಟ್ಟಿಗೆ ಹೋದ ವರ್ಷದ ಕೈ ನಡೀಲಿಲ್ಲ. ನಿಮ್ಮ ಕೈ ಮಾತ್ರ ದಿನಾ ಹಿಟ್ಟು ಮುಟ್ಟಿ ದಿನಾ ತಿದ್ದಿಕೊಳ್ಳಾಕತ್ತಿತ್ತು. ಅದಕ್ಕ ನಕಲು ಬಿಟ್ಟು ವಿಳಾಸ ಕೊಟ್ವಿ. ಮುನ್ನೂರ ಹನ್ನೆರಡು ತೋಳೂ ಈಗ ನೋಡೂದು ನಿಮ್ಮ ಕೈನ."

"ನೋಡ್ಲಿ. ನೋಡಿದ್ರ ಕೈ ಸವೀತೈತೇನು? ಬದಲ ಮಾಡಿದಾವ್ರು ಯಾರು?"

"ನೋಡಾಕ ಅಷ್ಟ ಬಿಡಬೇಕಂದ್ರ ಬಾಗಲಕ್ಕ ಚಿಲಕ ಹಾಕಬೇಕಿತ್ರಿ. ಕಿಟಕಿಯಿಂದ ನೋಡು, ಒಳಗ ಬರಬ್ಯಾಡ ಅನ್ನೂ ಒಂದು ಶಬ್ದ ಬರೀಬೇಕಿತ್ತು. ಒಂದ ಶಬ್ದ." ಶಾಹೀನ್ ಒಂದು ಬೆರಳು ಎತ್ತಿ ತೋರಿಸಿದಳು. "ಜಲ್ದಿ ಮುಗಸು, ಜಲ್ದಿ ಮುಗಸು ಅಂದ್ರು. ಆಮ್ಯಾಲೆ ಹಾಕಿದ್ರಾತು ಅಂತ ಬಿಟ್ಟೆ. ಪಾಕೀಟಿನಾಗ ತುಂಬಿ ಮಾರಾವ್ರು ರೊಟ್ಟಿ ದುಂಡಗ ಬೇಕಂದ್ರು, ಅದನ್ನ ಬರದ್ರು. ಭೋಗಿಗೆ ಅಂತ ವೇಗ ಹೆಚ್ಚು ಮಾಡಿದ್ರು. ತೋಳಿಗೆ ಬರಿಯಾಕತ್ತೀವಿ ಅಂತ ಅವ್ರು ತಿಳಕೊಂಡಾರು, ಬರದದ್ದೆಲ್ಲಾ ಹೋಗಿ ಕೂತದ್ದು ನಿಮ್ಮ ನರದಾಗ. ಚಿಲಕ ಹಾಕದಾಕಿ ನಾನ ಅಕ್ಕಾ. ಬ್ಯಾರೆ ಯಾರೂ ಅಲ್ಲ."

ಫಕೀರವ್ವ ಅವಳನ್ನು ಬೈಯಬೇಕೆಂದು ಬಾಯಿ ತೆರೆದಳು. ಆದರೆ ತಪ್ಪನ್ನು ಹೀಗೆ ನೇರವಾಗಿ ತನ್ನ ಮೈಮೇಲೆ ಎಳೆದುಕೊಳ್ಳುವವರನ್ನು ಬೈಯಲು ನಾಲಗೆ ಏಳುವುದಿಲ್ಲ. "ಹಂಗಾರ ಈಗ ಹಾಕು" ಎಂದಳು.

ಅಷ್ಟರಲ್ಲಿ ಗಾಜಿನ ಕೋಣೆಯಿಂದ ಮ್ಯಾನೇಜರ್ ಜಮಖಂಡಿ ಹೊರಗೆ ಬಂದರು. ಇಸ್ತ್ರಿ ಮುರಿಯದ ಅಂಗಿ, ಜೇನಿನಂಥ ಮಾತು.

"ಭೋಗಿ ಮುಗೀಲಿ ಫಕೀರವ್ವನವರ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಹನ್ನೆರಡು ಸಾವಿರ ಮನೀಗೆ ಹೋಗಬೇಕದ. ಈಗ ಚಿಲಕ ಹಾಕಿದ್ರ ತೋಳು ತಿದ್ದಲಿಕ್ಕೆ ನಮಗ ಬರೂದಿಲ್ಲ. ನೀವು ಒಂದು ವಾರ ಕೈಗೆ ವಿಶ್ರಾಂತಿ ಕೊಡ್ರಿ."

"ನನ್ನ ಮೊಮ್ಮಗಳನ್ನ ಎತ್ತಿಕೊಳ್ಳಾಕ ಆಗವಲ್ದು ಸಾಹೇಬ್ರ."

"ಮನ್ಯಾಗ ಕೂಸಿನ ನೋಡಲಿಕ್ಕೆ ಬ್ಯಾರೆಯವರು ಇಲ್ಲೇನ್ರಿ?"

ಫಕೀರವ್ವ ಆ ಮನುಷ್ಯನನ್ನು ದಿಟ್ಟಿಸಿ ನೋಡಿದಳು. "ಮಣಿ ಕಿತ್ತಿ ಒಗೀತೀನಿ" ಎಂದಳು.

"ನರ ಅದನ್ನ ಸುತ್ತಿಕೊಂಡದ್ರಿ. ಇಲ್ಲಿಂದ ವಿಳಾಸ ಕಡೀಲಾರದ ಕಿತ್ತರ ಕೈ ಲಕ್ವಾ ಹೊಡದಂಗ ಆಗ್ತದ. ಇನ್ನ, ಕಾಗದದಾಗ ನಕಲು ಅಂತ ಬರದದ, ಖರೆ. ಆದ್ರ ನಕಲು ಅಂದ್ರ ಕೈಗುಣ ಪಡೆಯುವ ಯಾವುದೇ ವಿಧಾನ ಅಂತ ಹಿಂದಿನ ಪುಟದಾಗ ವಿವರಣಾ ಅದ. ಸಹಿ ನಿಮ್ಮದ." ಅವರು ನಕ್ಕು, ಕೈಮುಗಿದು, ಗಾಜಿನ ಕೋಣೆಗೆ ಹೋದರು.

ಫಕೀರವ್ವ ಎದ್ದಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತು, "ತಂಗೀ, ಒಂದು ಮಾತು. ಬಂದಾವ ನನ್ನ ಗಡಿಗ್ಯಾಗ ಉಪ್ಪು ಹಾಕಿದ್ರ ನನಗೂ ಉಪ್ಪು. ಗಡಿಗಿ ಇನ್ನೂ ನನ್ನ ಮನ್ಯಾಗ ಐತಲ್ಲ? ನಾನ ಉಪ್ಪು ಹಾಕಿದ್ರ?" ಎಂದು ಕೇಳಿದಳು.

ಶಾಹೀನ್ ಗಾಜಿನ ಕೋಣೆಯ ಕಡೆ ಒಮ್ಮೆ ನೋಡಿದಳು. ಮೇಜಿನ ಮೇಲಿನ ಕಾಗದಗಳನ್ನು ಸುಮ್ಮನೆ ಜೋಡಿಸುತ್ತ, ತುಟಿ ಅಲ್ಲಾಡದಂತೆ ಹೇಳಿದಳು: "ಅಂಗೈಗೆ ಹಿಟ್ಟು ತಾಗಿದ್ರ ಮಣಿ ಓದ್ತೈತಿ. ನೀವು ಮಾಡಿದ್ದನ್ನ ತೋಳು ಮಾಡ್ತಾವು. ತಿದ್ದಾಕ ಇವ್ರು ಮತ್ತ ಬರೀತಾರು, ಆದ್ರ ಆಡೂ ಕೈಗೆ ಬರಿಯಾಕ ಬರಂಗಿಲ್ಲ. ಕೈ ಅರ್ಧ ನಿಮಿಷ ಸುಮ್ನಿರಬೇಕು. ದಿನಾ ಬೆಳಿಗ್ಗೆ ಐದಕ್ಕ ಬರೀತಾರು, ನೀವು ಮಲಗಿದ್ದಾಗ."

"ಭೋಗಿ ದಿನ ರೊಟ್ಟಿ ಎಷ್ಟೊತ್ತಿಗೆ ಹೊರಡಬೇಕು?"

"ಹತ್ತರೊಳಗ."

"ಆತು. ಬರ್ತೀನವಾ" ಎಂದು ಫಕೀರವ್ವ ಮೆಟ್ಟಿಲಿಳಿದಳು.

ಭೋಗಿಯ ಬೆಳಿಗ್ಗೆ ಆರು ಗಂಟೆಗೆ ಎಣ್ಣೆ ನೀರು ಹಾಕಿಕೊಂಡು, ಹೊಸ ಇಲಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವಳು ಹಲಗೆಯ ಮುಂದೆ ಕೂತಳು. ಜಯಶ್ರೀ ಕುದಿವ ನೀರು ಹೊಯ್ದು ಸಜ್ಜೆ ಹಿಟ್ಟು ನಾದಿ ಕೊಟ್ಟಳು. ಅತ್ತೆ ಏನು ಮಾಡಲಿದ್ದಾಳೆಂದು ಅವಳಿಗೆ ಗೊತ್ತಿತ್ತು. ಎರಡು ದಿನ ವಾದ ಮಾಡಿ ಸೋತಿದ್ದಳು. ಕೂಸು ಒಳಕೋಣೆಯ ತೊಟ್ಟಿಲಲ್ಲಿತ್ತು.

ಕೈ ರೊಟ್ಟಿ ಬಡಿಯಿತು. ದುಂಡಗೆ, ಸಾಪಾಗಿ, ಎಳ್ಳು ಹಚ್ಚಿ. ಇನ್ನೇನು ಎತ್ತಿ ಹಂಚಿಗೆ ಹಾಕಬೇಕು. ಫಕೀರವ್ವ ಹಲ್ಲು ಕಚ್ಚಿ ಐದೂ ಬೆರಳು ಒಳಗೆ ಎಳೆದುಕೊಂಡು ಆ ರೊಟ್ಟಿಯನ್ನು ಗಬಕ್ಕನೆ ಮುದ್ದೆ ಮಾಡಿದಳು. ಬಡಿಯುವ ಪ್ರತಿ ಹೆಂಗಸಿಗೂ ಇದು ಗೊತ್ತು: ರೊಟ್ಟಿ ಹರಿದರೆ ಹಂಚಿಗೆ ಹಾಕಬಾರದು, ಕೂಡಿಸಿ ಮುದ್ದೆ ಮಾಡಿ ಮತ್ತೆ ಬಡಿಯಬೇಕು. ದಿನಕ್ಕೆ ಒಮ್ಮೆಯೋ ಎರಡು ಸಲವೋ ಮಾಡುವ ಕೆಲಸ ಅದು. ಫಕೀರವ್ವ ಮತ್ತೆ ಬಡಿದಳು, ಮತ್ತೆ ಮುದ್ದೆ ಮಾಡಿದಳು. ಮೊದಲು ಕೈ ಜಗ್ಗಾಡಿತು. ಹತ್ತನೆಯ ಸಲಕ್ಕೆ ತುಸು ಮೆತ್ತಗಾಯಿತು. ಮೂವತ್ತನೆಯ ಸಲಕ್ಕೆ ಅದಕ್ಕೂ ರೂಢಿಯಾಗಿ ಬಡಿದದ್ದನ್ನು ತಾನಾಗಿಯೇ ಮುದ್ದೆ ಮಾಡತೊಡಗಿತು.

ಆರೂ ಮುಕ್ಕಾಲಿಗೆ ಫೋನು ಬಂತು. ಜಯಶ್ರೀ ಅದನ್ನು ಗೋಡೆಗೆ ಆನಿಸಿ ನಿಲ್ಲಿಸಿದಳು. ಪರದೆಯಲ್ಲಿ ಶಾಹೀನ್, ಅವಳ ಬೆನ್ನ ಹಿಂದೆ ಆ ದೊಡ್ಡ ಗೋಡೆ. ಸೊಲ್ಲಾಪುರದಿಂದ ಬಳ್ಳಾರಿಯವರೆಗೆ ಮುನ್ನೂರ ಹನ್ನೆರಡು ತೋಳು ರೊಟ್ಟಿ ಬಡಿಯುತ್ತಿದ್ದವು, ಬಡಿದು ಮುದ್ದೆ ಮಾಡುತ್ತಿದ್ದವು. ಒಂದು ಹಂಚಿನ ಮೇಲೂ ಒಂದು ರೊಟ್ಟಿಯಿಲ್ಲ. ಜಯಶ್ರೀ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, "ಯವ್ವಾ!" ಎಂದು ನಕ್ಕಳು. ಕೂಸಿಗೆ ಏಟು ಬಿದ್ದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಜಮಖಂಡಿಯವರ ಮುಖ ಪರದೆ ತುಂಬಿತು. "ಏನ್ ಮಾಡ್ಲಿಕತ್ತೀರಿ ನೀವು?"

"ನನ್ನ ಮನ್ಯಾಗ ಕುಂತು ರೊಟ್ಟಿ ಬಡ್ಯಾಕತ್ತೀನ್ರಿ. ಮನಸಿಗೆ ಬರವಲ್ವು, ಮುದ್ದಿ ಮಾಡಾಕತ್ತೀನಿ. ತಪ್ಪೇನು?"

"ಬರೀರಿ, ಬರದು ತಿದ್ದ್ರಿ!" ಎಂದು ಅವರು ಹಿಂದೆ ತಿರುಗಿ ಕೂಗಿದ್ದು ಇವರಿಗೂ ಕೇಳಿಸಿತು. "ಆಗಂಗಿಲ್ರೀ ಸರ್, ಕೈ ಆಡಾಕತ್ತೈತಿ" ಎಂದಳು ಶಾಹೀನ್, ಬಹಳ ವಿನಯದಿಂದ.

ಆಗ ಶುರುವಾಯಿತು ನೋಡಿ ಜಿದ್ದು. ಅವರಿಗೆ ಬೇಕಾದದ್ದು ಅರ್ಧ ನಿಮಿಷ. ಇವಳು ಅದನ್ನು ಕೊಡಕೂಡದು. ಏಳಾಯಿತು, ಎಂಟಾಯಿತು. ರಟ್ಟೆ ಹತ್ತಿ ಉರಿಯತೊಡಗಿತು. ಹಿಟ್ಟು ಒಣಗಿದಾಗಲೆಲ್ಲ ಜಯಶ್ರೀ ಹೊಸ ಹಿಟ್ಟು ನಾದಿದಳು, ಬಾಯಿಗೆ ಚಹಾ ಹಿಡಿದಳು, ಬೆವರು ಒರೆಸಿದಳು. ಹೊಳೆವ್ವ ತನ್ನ ಮನೆಯ ಭೋಗಿ ಅಡುಗೆ ಅರ್ಧಕ್ಕೆ ಬಿಟ್ಟು ಬಂದು ಅವಳ ಹೆಗಲು ತಿಕ್ಕುತ್ತ ಕೂತಳು. "ಮಾರಿ ಅಂದಿದ್ದೆ, ನನ್ನ ಬಾಯಿಗೆ ಮಣ್ಣು ಹಾಕ. ಬಡಿ ನೀ, ಬಡಿ!" ಎಂದಳು. ಒಮ್ಮೆ ಬೆರಳು ಮರಗಟ್ಟಿ ಕೈ ಹಿಟ್ಟಿನ ಮೇಲೆ ಬಿದ್ದೇಬಿಟ್ಟಿತು. ಹೊಳೆವ್ವ ಹೌಹಾರಿ ಆ ಮಣಿಕಟ್ಟು ಹಿಡಿದು ಅಲ್ಲಾಡಿಸಿದಳು. ಇಪ್ಪತ್ತು ಎಣಿಸುವಷ್ಟರಲ್ಲಿ ಫಕೀರವ್ವ ಉಸಿರು ಎಳೆದುಕೊಂಡು ಮತ್ತೆ ಬಡಿದಳು.

ಒಂಬತ್ತೂ ಕಾಲಿಗೆ ಜಮಖಂಡಿ ಮತ್ತೆ ಬಂದರು. ಈಗ ಅಂಗಿಯ ಇಸ್ತ್ರಿ ಮುರಿದಿತ್ತು.

"ಕೇಳ್ರಿ ಫಕೀರವ್ವನವರ. ವಿಳಾಸ ಕಡದ್ರ ಮಣಿ ಬರದದ್ದೆಲ್ಲಾ ಅಳಿಸಿ ಹೋಗ್ತದ. ಅದರ ಕೂಡ ನೀವು ಕಲ್ತದ್ದೂ ಹೋಗ್ತದ. ಎರಡೂ ಕಲಸಿಕೊಂಡು ಕೂತಾವ, ಬ್ಯಾರೆ ಮಾಡ್ಲಿಕ್ಕೆ ಬರೂದಿಲ್ಲ. ನಲವತ್ತೈದು ವರ್ಷದ ಕಸಬು. ಬರೇ ಕೈ ಉಳೀತದ ನಿಮಗ, ಅಷ್ಟ. ಅದರ ಬದಲಿ ನಾ ಒಂದು ಹೇಳ್ತೀನಿ. ಮೊದಲನೇ ದಿನ ತಗೊಂಡ ನಕಲು ನಮ್ಮ ಹತ್ರ ಇನ್ನೂ ಅದ. ಅದನ್ನ ನಿಮ್ಮ ಕೈಗೆ ವಾಪಸ್ ಬರೀತೀವಿ. ಎರಡು ವರ್ಷದ ಹಿಂದಿನ ಕೈ, ಇದ್ದಂಗ. ಆಮ್ಯಾಲೆ ಚಿಲಕ ಹಾಕ್ತೀವಿ. ಕಿಟಕಿಯಿಂದ ಬರೇ ನೋಡ್ತೀವಿ, ಮುಟ್ಟೂದಿಲ್ಲ. ನೀವು ಅರ್ಧ ನಿಮಿಷ ಕೈ ನಿಲ್ಲಿಸಿದ್ರ ಸಾಕು."

ಹಲಗೆಯ ಮೇಲೆ ಕೈ ಬಡಿಯುತ್ತಲೇ ಇತ್ತು. ಫಕೀರವ್ವನಿಗೆ ಆಸೆಯಾಯಿತು, ಸುಳ್ಳು ಹೇಳಬಾರದು. ಅವಳು ಆ ಹಳೆಯ ಕೈಯನ್ನು ನೆನೆದಳು. ಅವ್ವ ಬೈದು ಕಲಿಸಿದ್ದು, ಅತ್ತೆ ತಿದ್ದಿದ್ದು, ಗಂಡ ಸತ್ತ ವರ್ಷ ಖಾನಾವಳಿಗೆ ಬಡಿಬಡಿದು ಮನೆ ನಿಲ್ಲಿಸಿದ್ದು, ಎಲ್ಲ ಆ ಕೈಯೇ. ಅದು ಹೋದರೆ ತಾನು ಯಾರು?

"ತಂಗೀ ಶಾಹೀನಾ" ಎಂದು ಕರೆದಳು. "ನಾ ಕೈ ನಿಲ್ಲಿಸಿದ ಮ್ಯಾಲೆ ಇವ್ರು ಏನು ಬರೀತಾರಂತ ನನಗ ಕಾಣತೈತೇನು?"

ಶಾಹೀನ್ ಪರದೆಯ ಮೂಲೆಯಲ್ಲಿ ನಿಂತಿದ್ದಳು. ಜಮಖಂಡಿ ಅವಳ ಕಡೆ ತಿರುಗಿ ನೋಡಿದರು. ಅವಳು ಅವರನ್ನು ನೋಡಲಿಲ್ಲ. "ಇಲ್ಲಕ್ಕಾ" ಎಂದಳು. "ಬರಿಯೂದು ನಿಮಗ ಕಾಣಂಗಿಲ್ಲ. ಅವತ್ತೂ ಕಂಡಿರ್ಲಿಲ್ಲ."

ಫಕೀರವ್ವ ರೊಟ್ಟಿ ಮುದ್ದೆ ಮಾಡಿದಳು.

"ಸಾಹೇಬ್ರ, ನೀವು ಖರೇನ ನನ್ನ ಹಳೇ ಕೈನ ಬರದ್ರೂ, ಬರದಾವ್ರು ನೀವ ಆಗ್ತೀರಿ. ಇವತ್ತ ಒಳ್ಳೇದು ಬರದಾವ್ರಿಗೆ ನಾಳೆ ಕೆಟ್ಟದ್ದು ಬರ್ಯಾಕ ದಾರಿ ಗೊತ್ತಿರ್ತೈತಿ. ನಿಮ್ಮ ಕಿಟಕೀನೂ ಬ್ಯಾಡ, ನಿಮ್ಮ ಉಪಕಾರಾನೂ ಬ್ಯಾಡ. ಕಡೀರಿ. ನಿಮಗ ಕೊಟ್ಟದ್ದು ನಕಲು, ಅದು ನಿಮ್ಮ ಹಂತೇಕ ಇರ್ಲಿ, ಅದರಾಗ ಬೇಕಾದ್ದು ಮಾಡಿಕೊಳ್ರಿ. ನನ್ನ ಕೈ ಬರೇ ಕೈ ಆದ್ರೂ ಚಿಂತಿಲ್ಲ. ನನಗಿನ್ನೂ ಐವತ್ತಾರ. ಕಲೀತೀನಿ."

"ನೀವು ಹುಚ್ಚ—"

"ಒಂಬತ್ತೂವರಿ ಆತ್ರಿ. ಮಂದಿ ಭೋಗಿ ಊಟಕ್ಕ ಕುಂತಾರು."

ಜಮಖಂಡಿ ಗೋಡೆಯ ಕಡೆ ತಿರುಗಿದರು. ಮುನ್ನೂರ ಹನ್ನೆರಡು ತೋಳು ಒಟ್ಟಿಗೆ ಬಡಿದವು, ಒಟ್ಟಿಗೆ ಮುದ್ದೆ ಮಾಡಿದವು. ಅವರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, ಶಾಹೀನ್‌ಳ ಮುಖ ನೋಡದೆ, "ಕಡೀರಿ" ಎಂದರು. ಆ ಶಬ್ದ ಪೂರ್ತಿಯಾಗುವ ಮೊದಲೇ ಅವಳ ಬೆರಳು ಕೀಲಿಯನ್ನು ಒತ್ತಿಯಾಗಿತ್ತು.

ಫಕೀರವ್ವನ ಮೊಣಕೈಯಲ್ಲಿ ಇರುವೆ ಕಚ್ಚಿದಷ್ಟು ಚುರುಕ್ ಎಂದಿತು. ಕೈ ಹಿಟ್ಟಿನ ಮೇಲೆ ಬಿತ್ತು, ಹಾಗೇ ಇತ್ತು. ಪರದೆಯ ಮೇಲೆ ತೋಳುಗಳು ಒಂದು ಗಳಿಗೆ ನಿಂತು, ಈಗ ಮೊದಲ ದಿನದ ನಕಲು ಹಿಡಿದು, ಮತ್ತೆ ಶುರು ಮಾಡಿದವು. ಕೆಲವು ರೊಟ್ಟಿ ಹರಿದವು, ಉಳಿದವುಗಳ ಅಂಚು ಅಲ್ಲಲ್ಲಿ ಬಿರಿದಿತ್ತು, ಒಂದು ಮಗ್ಗುಲು ತುಸು ದಪ್ಪ. ಹೊಳೆವ್ವ ಕಣ್ಣರಳಿಸಿ, "ಫಕೀರವ್ವಾ, ನಿನ್ನ ರೊಟ್ಟಿ ಅಲ್ಲೇನ ಅವು!" ಎಂದಳು.

"ಹೌದು. ನನ್ನವ ಇದ್ದುವು ಒಂದು ಕಾಲಕ್ಕ" ಎಂದು ಫಕೀರವ್ವ ಫೋನು ಬಂದ್ ಮಾಡಲು ಹೇಳಿದಳು.

ಆಮೇಲೆ ಉಂಡೆ ತೆಗೆದುಕೊಂಡು ಬಡಿಯಲು ನೋಡಿದಳು. ಕೈಗೆ ಏನೂ ಗೊತ್ತಿರಲಿಲ್ಲ. ಎಷ್ಟು ಒತ್ತಬೇಕು, ಯಾವಾಗ ತಿರುಗಿಸಬೇಕು, ಹಿಟ್ಟು ಅಂಗೈಗೆ ಅಂಟಿದರೆ ಏನು ಮಾಡಬೇಕು, ಒಂದೂ ಗೊತ್ತಿರಲಿಲ್ಲ. ನಾಲ್ಕು ಸಲ ಹರಿದು, ಐದನೆಯದು ಹೇಗೋ ಹಂಚಿಗೆ ಬಿದ್ದಿತು. ಒಂದು ಕಡೆ ಹಪ್ಪಳ, ಒಂದು ಕಡೆ ಹೆಂಟೆ. ಜಯಶ್ರೀ ಮತ್ತು ಹೊಳೆವ್ವ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ನಗಬೇಕೋ ಅಳಬೇಕೋ ತಿಳಿಯದೆ. ಫಕೀರವ್ವ ಅದನ್ನೇ ಮುರಿದು, ಬದನೆಕಾಯಿ ಭರ್ತ ಹಚ್ಚಿಕೊಂಡು, ಹಸಿ ಇದ್ದ ಕಡೆಯನ್ನೂ ಬಿಡದೆ ಉಂಡಳು.

ಒಳಗೆ ಪಾರೂ ಎದ್ದು ಅಳತೊಡಗಿತು. ಜಯಶ್ರೀ ಹೋಗಿ ಕೂಸನ್ನು ಎತ್ತಿಕೊಂಡು ಬಂದಳು. ಹೊಸ್ತಿಲಲ್ಲಿ ನಿಂತು ಅತ್ತೆಯ ಬಲಗೈಯನ್ನು ನೋಡಿದಳು. ಆಮೇಲೆ ಮುಂದೆ ಬಂದು ಕೂಸನ್ನು ಅವಳ ಹೆಗಲಿಗೆ ಹಾಕಿದಳು.

ಫಕೀರವ್ವ ಅಂಗೈಯನ್ನು ಆ ಪುಟ್ಟ ಬೆನ್ನಿನ ಮೇಲೆ ಇಟ್ಟಳು. ಕೈ ಸುಮ್ಮನಿತ್ತು. ಅವಳು ಎತ್ತು ಎಂದಳು, ಎತ್ತಿತು. ಇಳಿ ಎಂದಳು, ಇಳಿಯಿತು. ಒಂದು ಏಟು ಭುಜಕ್ಕೆ ಬಿತ್ತು, ಒಂದು ಸೊಂಟಕ್ಕೆ, ಒಂದು ಬೇಗ, ಒಂದು ಬಹಳ ತಡವಾಗಿ. ಕೂಸು ಅಳುವುದನ್ನು ನಿಲ್ಲಿಸಿ ಇದೇನು ಹೊಸದೆಂದು ತಲೆಯೆತ್ತಿ ಅಜ್ಜಿಯನ್ನು ನೋಡಿತು.

"ಅತ್ತಿ, ತಾಳ ತಪ್ಪಾಕತ್ತೈತ್ರಿ" ಎಂದಳು ಜಯಶ್ರೀ, ಕಣ್ಣೊರೆಸಿಕೊಳ್ಳುತ್ತ.

"ತಪ್ಪಲಿ ಬಿಡ" ಎಂದಳು ಫಕೀರವ್ವ. "ಈಗ ತಪ್ಪಾಕತ್ತಾಕಿ ನಾನ, ಬ್ಯಾರೆ ಯಾರೂ ಅಲ್ಲ."